ಶುಕ್ರವಾರದ ಕಂಪ್ಲೇಂಟ್

"ಯಾರ್ರೀ ನೀವು?! ನಮ್ಮನೆ ಬಾಗಿಲಿಗೆ ಏನ್ರೀ ಮಾಡಿದೀರ?!"

ಜಗಲಿ ಮೇಲೆ ಕೂತು ಡ್ರಿಲ್ ಮಿಷನ್ನಿನ ವೈರ್ ಸುತ್ತುತ್ತಿದ್ದ ಸಿಂಚನ ಬೆಚ್ಚಿಬಿದ್ದಳು.

ಎದುರಿಗೆ ಒಬ್ಬ ಎತ್ತರದ ಹುಡುಗ. ಗಾರ್ಮೆಂಟ್ಸ್ ಫ್ಯಾಕ್ಟರಿಯ ನೀಲಿ ಯೂನಿಫಾರ್ಮು, ಕೈಯಲ್ಲಿ ಟಿಫನ್ ಡಬ್ಬಿ. ಕಣ್ಣು ಮಾತ್ರ ಬಾಗಿಲ ಮೇಲೆ ನೆಟ್ಟಿತ್ತು. ತಾತನ ಕಾಲದ ತೇಗದ ಬಾಗಿಲು ಅದು. ಬೆಳಗ್ಗೆ ಅವನು ಕೆಲಸಕ್ಕೆ ಹೋಗುವಾಗ ಅದಕ್ಕೆ ಹಿತ್ತಾಳೆ ಚಿಲಕ ಇತ್ತು. ಈಗ ಅಲ್ಲೊಂದು ಕಪ್ಪು ಪೆಟ್ಟಿಗೆ ಮಿಣಮಿಣ ಅಂತ ಮಿನುಗುತ್ತಿದೆ!

"ಸರ್, ನಾನು ಸಿಂಚನ. ದೊಡ್ಡಬಳ್ಳಾಪುರದ ಆಫೀಸಿಂದ ಬಂದಿದೀನಿ. ಸ್ಮಾರ್ಟ್ ಲಾಕು, ಬೆಲ್ ಕ್ಯಾಮೆರಾ, ಒಳಗಡೆ ಗೋಡೆಗೊಂದು ಸ್ಕ್ರೀನು... ಎಲ್ಲಾ ಫಿಟ್ ಮಾಡಿ ಆಯ್ತು ಸರ್."

"ಯಾರು ಹೇಳಿದ್ದು ಫಿಟ್ ಮಾಡೋಕೆ?"

"ಗೋಪಾಲಪ್ಪನವರು ಬುಕ್ ಮಾಡಿದ್ರಲ್ಲಾ ಸರ್... ಮಧುರೆ ಗೋಪಾಲಪ್ಪ..."

ಅವನು ಬಾಗಿಲು ತಳ್ಳಿದ. ಜಪ್ಪಯ್ಯ ಅನ್ನಲಿಲ್ಲ. ಪೆಟ್ಟಿಗೆ ಮೇಲೆ ಬೆರಳಿಟ್ಟ. ಪೀಂ ಪೀಂ ಅಂತ ಕೂಗಿ ಕೆಂಪು ದೀಪ ಹತ್ತಿತು.

"ನಿಮ್ಮ ಬೆರಳು ರಿಜಿಸ್ಟರ್ ಆಗಿಲ್ಲ ಸರ್," ಅಂದಳು ಸಿಂಚನ, ಮೆಲ್ಲಗೆ.

"ನಮ್ಮನೆ ಒಳಗೆ ಹೋಗೋಕೆ ನಾನು ನಿಮ್ಮತ್ರ ರಿಜಿಸ್ಟರ್ ಮಾಡಿಸ್ಕೋಬೇಕಾ?!"

ನ್ಯಾಯವಾದ ಪ್ರಶ್ನೆ ಬಿಡಿ!

ಸಿಂಚನ ಎದ್ದು ತನ್ನ ಹೆಬ್ಬೆರಳನ್ನು ಲಾಕಿನ ಮೇಲೆ ಇಟ್ಟಳು. ಟೆಸ್ಟ್ ಮಾಡಲು ಮೊದಲು ತನ್ನ ಬೆರಳನ್ನೇ ಅದಕ್ಕೆ ಕೊಟ್ಟಿದ್ದಳು. ಕೆಲಸ ಮುಗಿಸಿ ಹೊರಡುವ ಮುಂಚೆ ಅದನ್ನು ಅಳಿಸಿಬಿಡಬೇಕು, ಕಂಪನಿ ರೂಲ್ಸು. ಹಸಿರು ದೀಪ ಹತ್ತಿ ಬಾಗಿಲು ತೆಗೆದುಕೊಂಡಿತು.

ಅವನು ಬಾಯಿ ಬಿಟ್ಟುಕೊಂಡು ನಿಂತ. ಹುಟ್ಟಿ ಬೆಳೆದ ಮನೆ ತನಗೆ ತೆಗೆಯಲಿಲ್ಲ, ಮುಖಪರಿಚಯವಿಲ್ಲದ ಹುಡುಗಿಗೆ ತೆಗೆದುಕೊಂಡಿತು!

ಒಳಗಿಂದ ಅಜ್ಜಿ ಅಮ್ಮಯಮ್ಮ ಕಾಫಿ ಲೋಟ ಹಿಡಿದುಕೊಂಡು ಬಂದರು. "ಬಂದ್ಯಾ ಮುನೀಂದ್ರ? ನೀನೇ ಕಳಿಸ್ದೆ ಅಲ್ವಾ ಈ ಮಗೀನ? ಪಾಪ, ಮಧ್ಯಾಹ್ನದಿಂದ ಕೆಲಸ ಮಾಡವ್ಳೆ."

"ನಾನ್ಯಾಕೆ ಕಳಿಸ್ಲಿ ಅಜ್ಜೀ?!"

ಮೂರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗಿದ್ದಿಷ್ಟು. ಈ ಮಧುರೆ ಊರಿನಲ್ಲಿ ಗೋಪಾಲಪ್ಪನವರು ಇಬ್ಬರು. ಒಬ್ಬರು ಕೆರೆಯಾಚೆಯ ಹೊಸ ಲೇಔಟಿನಲ್ಲಿ ಮಹಡಿ ಮನೆ ಕಟ್ಟಿಸಿದವರು, ಲಾಕ್ ಬುಕ್ ಮಾಡಿದವರು. ಇನ್ನೊಬ್ಬರು ಅಮ್ಮಯಮ್ಮನ ಯಜಮಾನರು, ತೀರಿಕೊಂಡು ಎಂಟು ವರ್ಷವಾಗಿತ್ತು. ಆದರೆ ಊರವರ ಬಾಯಲ್ಲಿ ಈ ಮನೆ ಇವತ್ತಿಗೂ ಗೋಪಾಲಪ್ಪನ ಮನೆಯೇ. ಫೋನಿನ ಮ್ಯಾಪು ಗದ್ದೆ ಮಧ್ಯೆ ನಿಲ್ಲಿಸಿದಾಗ, ಸಿಂಚನ ಬಸ್ ಸ್ಟಾಪಿನಲ್ಲಿ ವಿಳಾಸ ಕೇಳಿದ್ದಳು. ಅಲ್ಲಿದ್ದವರು ಈ ಮನೆ ಕಡೆ ಕೈ ತೋರಿಸಿದ್ದರು ಅಷ್ಟೇ.

ಸಿಂಚನ ಬಾಗಿಲ ಕಡೆ ತಿರುಗಿ ನೋಡಿದಳು. 'ದೇವರೇ... ಬೇರೆಯವರ ಮನೆ ಬಾಗಿಲು ಕೊರೆದುಬಿಟ್ನಾ?!'

"ನಮ್ಮ ತಾತ ಮಾಡ್ಸಿದ ಬಾಗಿಲು ರೀ ಅದು. ಮೂರು ತೂತು ಹೊಡೆದಿದೀರಲ್ಲಾ! ಇದನ್ನ ಇಲ್ಲಿಗೇ ಬಿಡಲ್ಲ ನಾನು!"

"ಸಾರಿ ಸರ್... ಈಗಲೇ ಬಿಚ್ಚಿಬಿಡ್ತೀನಿ..." ಅವಳ ಕಣ್ಣು ತುಂಬಿಬಂತು.

"ಬಿಚ್ಚಿದ್ರೆ ನೋಡು ಮತ್ತೆ!" ಅಜ್ಜಿ ಅಡ್ಡ ಬಂದರು.

ಅಮ್ಮಯಮ್ಮ ತವರೂರು ವಿಜಯಪುರದಲ್ಲಿ ವರ್ಷಗಟ್ಟಲೆ ಕುದಿಯುವ ನೀರಿನಿಂದ ರೇಷ್ಮೆ ಗೂಡಿನ ಎಳೆ ಬಿಚ್ಚಿದವರು. ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು. ರೇಷನ್ ಅಂಗಡಿ ಮಿಷನ್ನು ಅವರ ಬೆರಳು ಒಪ್ಪುತ್ತಿರಲಿಲ್ಲ, ಬ್ಯಾಂಕಿನದ್ದೂ ಒಪ್ಪುತ್ತಿರಲಿಲ್ಲ. ಇವತ್ತು ಈ ಹುಡುಗಿ ಬೇಸರ ಮಾಡಿಕೊಳ್ಳದೆ ಹತ್ತು ಬೆರಳನ್ನೂ ಒಂದೊಂದಾಗಿ ಒರೆಸಿ ಒರೆಸಿ ನೋಡಿದ್ದಳು. ಕೊನೆಗೆ ಎಡಗೈ ಉಂಗುರ ಬೆರಳು ಹಿಡಿಯಿತು.

"ಎಲ್ಲಾ ಮಿಷನ್ನೂ ನನ್ನ ಬೆರಳೇ ಇಲ್ಲ ಅಂತಿತ್ತು ಕಣ್ಲಾ. ಇದೊಂದು ಹೌದು ಅಂತು. ಇದನ್ನ ತೆಗೆಸಿದ್ರೆ ನಾನೂ ಮನೆ ಬಿಟ್ಟು ಹೊರಡ್ತೀನಿ, ಅಷ್ಟೇಯ."

ಮುನೀಂದ್ರ ಅಜ್ಜಿಯ ಬೆರಳನ್ನು ನೋಡಿದ. ಆಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದ ಹುಡುಗಿಯನ್ನು ನೋಡಿದ. ಅವನ ಸಿಟ್ಟು ಅರ್ಧಕ್ಕರ್ಧ ಇಳಿದುಹೋಯಿತು.

"ಇರ್ಲಿ ಬಿಡಿ. ನಿಮ್ಮ ಆಫೀಸಿಗೆ ನಾನೇ ಫೋನ್ ಮಾಡಿ, ನಮಗೇ ಬೇಕು ಅಂತ ಹೇಳ್ತೀನಿ."

ಸಿಂಚನ ಗಡಿಬಿಡಿಯಲ್ಲಿ ಅವನ ಬೆರಳು ರಿಜಿಸ್ಟರ್ ಮಾಡಿ, ಅವನ ಫೋನಿಗೆ ಆ್ಯಪ್ ಹಾಕಿಕೊಟ್ಟು, ತಿರುಗಿ ನೋಡದೆ ಸ್ಕೂಟಿ ಹತ್ತಿದಳು.

*

ಸಂಜೆ ಮ್ಯಾನೇಜರ್ ನರೇಶ್ ತಲೆ ಮೇಲೆ ಕೈ ಹೊತ್ತುಕೊಂಡರು.

"ನೋಡಮ್ಮ, ಹನ್ನೊಂದು ಜನ ಟೆಕ್ನಿಷಿಯನ್ಸಲ್ಲಿ ನೀನೊಬ್ಬಳೇ ಹುಡುಗಿ. ನಾನೇ ಹಠ ಮಾಡಿ ಸೇರಿಸ್ಕೊಂಡಿದ್ದು. ಮೂರು ತಿಂಗಳು ಕಂಪ್ಲೇಂಟ್ ಇಲ್ದೆ ಕಳೆದ್ರೆ ಮಾತ್ರ ಕೆಲಸ ಕಾಯಂ. ಇದು ನಿನ್ನ ಮೊದಲ್ನೇ ತಪ್ಪು ಅಂತ ಬರ್ಕೊಂಡಿದೀನಿ."

ಮನೆಯಲ್ಲಿ ಅಪ್ಪನದ್ದೂ ಅದೇ ಗಡುವು. "ಕಾಯಂ ಆದ್ರೆ ನಿನ್ನಿಷ್ಟ ಕಣಮ್ಮ. ಆಗ್ಲಿಲ್ಲಾಂದ್ರೆ ಆ ಡ್ರಿಲ್ ಮಿಷನ್ ಅಟ್ಟ ಸೇರ್ಲಿ. ಆಮೇಲೆ ನಾನು ತೋರಿಸಿದ ಹುಡುಗನ್ನ ನೋಡ್ಬೇಕು."

ಸಿಂಚನಳಿಗೆ ಆ ಡ್ರಿಲ್ ಮಿಷನ್ ಅಂದರೆ ಪ್ರಾಣ. ಸತ್ತು ಬಿದ್ದಿದ್ದ ಡಬ್ಬಿಯೊಂದು ತನ್ನ ಕೈಯಲ್ಲಿ ಪಿಳಕ್ ಅಂತ ಕಣ್ಣು ಬಿಡುವಾಗ ಅವಳಿಗಾಗುವ ಖುಷಿ ಇನ್ಯಾವುದರಲ್ಲೂ ಇರಲಿಲ್ಲ. 'ಇನ್ನೊಂದು ತಪ್ಪು ಮಾಡಲ್ಲ,' ಅಂತ ಅವತ್ತು ದೇವರ ಫೋಟೋ ಮುಂದೆ ಹೇಳಿಕೊಂಡಳು.

ಆ ಶುಕ್ರವಾರವೇ ಆಫೀಸಿಂದ ಫೋನ್ ಬಂತು. ಮಧುರೆ ಮನೆ. ಲಾಕ್ ಕೆಲಸ ಮಾಡ್ತಿಲ್ಲ.

ಹೋಗಿ ನೋಡಿದರೆ ಪೆನ್ಸಿಲ್ ಸೆಲ್ಲು ಸರಿಯಿದೆ, ವೈಫೈ ಸರಿಯಿದೆ, ಬೆರಳು ಮಾತ್ರ ಓದುತ್ತಿಲ್ಲ. ಲಾಕಿನ ಗಾಜು ಒರೆಸಿದಳು, ಸರಿಹೋಯಿತು. ಮುಂದಿನ ಶುಕ್ರವಾರ ಮತ್ತೆ ಅದೇ! ಟಾರ್ಚ್ ಬಿಟ್ಟು ನೋಡಿದಾಗ ಸಿಂಚನ ದಂಗಾದಳು. ಗಾಜಿನ ಮೇಲೆ ಕುಂಕುಮ!

"ಅಜ್ಜೀ... ಇದಕ್ಕೆ ಪೂಜೆ ಮಾಡ್ತೀರಾ?"

"ಮತ್ತೆ? ಶುಕ್ರವಾರ ಹೊಸಿಲಿಗೆ ಅರಿಶಿನ, ಬಾಗಿಲಿಗೆ ಕುಂಕುಮ ಇಡಲ್ವಾ? ಚಿಲಕಕ್ಕೆ ಇಡ್ತಿದ್ದೆ, ಈಗ ಚಿಲಕ ಇದೇ ತಾನೆ?"

ಮುನೀಂದ್ರ ಗೊಳ್ಳನೆ ನಕ್ಕ. ಸಿಂಚನಳಿಗೂ ತಡೆಯಲಾಗಲಿಲ್ಲ. ಇಬ್ಬರೂ ಜೊತೆಯಲ್ಲಿ ನಕ್ಕಿದ್ದು ಅದೇ ಮೊದಲು. ಅವಳು ಬಾಗಿಲ ಚೌಕಟ್ಟಿನ ಮೇಲೆ ಜಾಗ ತೋರಿಸಿ, "ಇಲ್ಲಿಡಿ ಅಜ್ಜಿ, ಲಾಕಿಗೆ ಬೇಡ," ಅಂದಳು. ಅಜ್ಜಿ ಒಪ್ಪಿದರು. ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ?

ಮುಗಿಯಲಿಲ್ಲ! ಮೂರನೇ ಶುಕ್ರವಾರವೂ ಕರೆ ಬಂತು. ನಾಲ್ಕನೇದೂ ಬಂತು. ಪ್ರತಿ ಸಲವೂ ಅದೇ ಕುಂಕುಮ. "ನಾನು ಇಟ್ಟಿಲ್ಲಮ್ಮ, ನನ್ನಾಣೆ," ಅಂತಾರೆ ಅಜ್ಜಿ. ವಯಸ್ಸಾಗಿದೆ, ಮರೆತು ಇಡ್ತಾರೇನೋ ಅಂದುಕೊಂಡಳು ಸಿಂಚನ.

ನಿಜ ಹೇಳಬೇಕು ಅಂದರೆ, ಅವಳಿಗೂ ಆ ಶುಕ್ರವಾರಗಳು ಬೇಕಾಗಿದ್ದವು.

ಮುನೀಂದ್ರ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುವ ಮೆಕ್ಯಾನಿಕ್. ಬೆಳಗಿನ ಶಿಫ್ಟು ಮುಗಿಸಿ ಅವಳು ಬರುವ ಹೊತ್ತಿಗೆ ಮನೆ ಸೇರಿರುತ್ತಿದ್ದ. ಸ್ಕ್ರೂ ಡ್ರೈವರ್ ಕೇಳುವ ಮುಂಚೆಯೇ ಕೈಗಿಡುತ್ತಿದ್ದ. ಹುಡುಗಿ ಅಂತ ಅವಳ ಕೈಯಿಂದ ಕೆಲಸ ಕಿತ್ತುಕೊಳ್ಳುತ್ತಿರಲಿಲ್ಲ. "ನೀವು ಸ್ಕ್ರೂ ಕೂರಿಸೋ ರೀತಿ ನೋಡ್ತಾ ಇರೋಣ ಅನ್ಸುತ್ತೆ ರೀ," ಅಂದಿದ್ದ ಒಂದು ಸಲ. ಆ ಮಾತನ್ನೇ ನೆನೆಯುತ್ತಾ ಅವಳು ವಾರವಿಡೀ ಒಬ್ಬಳೇ ನಗುತ್ತಿದ್ದಳು. ಶುಕ್ರವಾರ ಬಂದರೆ ಕನ್ನಡಿ ಮುಂದೆ ಐದು ನಿಮಿಷ ಜಾಸ್ತಿಯೇ ನಿಲ್ಲುತ್ತಿದ್ದಳು. ಹೂ ಮುಡಿದು, ತೆಗೆದು, ಮತ್ತೆ ಮುಡಿದು...

ಆರನೇ ಶುಕ್ರವಾರ ನರೇಶ್ ಅವಳನ್ನು ಒಳಗೆ ಕರೆದರು.

"ಸಿಂಚನಾ, ಏನಮ್ಮ ಇದು? ಒಂದೇ ಮನೆಯಿಂದ ಆರು ಕಂಪ್ಲೇಂಟ್!"

"ಕಂಪ್ಲೇಂಟಾ?! ಸರ್, ಅದು ಅಜ್ಜಿ ಸುಮ್ನೆ ಫೋನ್ ಮಾಡಿ ಕರೀತಾರೆ..."

"ಅಜ್ಜಿ ಅಲ್ಲ. ಮೊದಲ್ನೇದರಿಂದ ಇವತ್ತಿನದರವರೆಗೂ ಆ್ಯಪಲ್ಲಿ ಹಾಕಿರೋದು ಮುನೀಂದ್ರ ಅಂತ. ಓದು. 'ಲಾಕ್ ಕೆಟ್ಟಿದೆ. ಅದೇ ಟೆಕ್ನಿಷಿಯನ್ ಬಂದೇ ಸರಿಮಾಡಬೇಕು.' ಆರೂ ಸಲ ಇದೇ ಮಾತು. ಎಷ್ಟು ಸಿಟ್ಟಿದೆ ನೋಡು ಮನುಷ್ಯನಿಗೆ! ನಾಳೆ ನಿನ್ನ ಮೂರು ತಿಂಗಳು ಮುಗಿಯುತ್ತೆ. ಇದನ್ನ ಇಟ್ಕೊಂಡು ನಾನು ಹೆಂಗಮ್ಮ ಕಾಯಂ ಮಾಡ್ಲಿ?"

ಸಿಂಚನಳಿಗೆ ಭೂಮಿ ಕುಸಿದಂತಾಯಿತು.

ಮುನೀಂದ್ರ?! ಸ್ಕ್ರೂ ಡ್ರೈವರ್ ಕೈಗಿಡುತ್ತಿದ್ದ, ಕಾಫಿ ಆರಿಸಿ ಕೊಡುತ್ತಿದ್ದ ಮುನೀಂದ್ರ?!

'ಇದನ್ನ ಇಲ್ಲಿಗೇ ಬಿಡಲ್ಲ ನಾನು...' ಮೊದಲ ದಿನದ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಹಾಗಾದರೆ ಆ ನಗು, ಆ ಮಾತು ಎಲ್ಲಾ ನಾಟಕವಾ? ಮುಂದೆ ನಕ್ಕು ಹಿಂದೆ ಕೆಲಸ ತೆಗೆಸೋಕೆ ನೋಡ್ತಿದ್ನಾ?

ಅವಳ ಸ್ಕೂಟಿ ಮಧುರೆ ಮುಟ್ಟುವವರೆಗೂ ಕಣ್ಣೀರು ನಿಲ್ಲಲಿಲ್ಲ.

*

ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದರು. ಲಾಕಿನ ಮೇಲೆ ಇವತ್ತೂ ಕುಂಕುಮ, ಹೊಸದಾಗಿ.

"ಅಜ್ಜಿ, ಈ ಸ್ಕ್ರೀನಲ್ಲಿ ಬೆಳಗ್ಗೆಯಿಂದ ಬಾಗಿಲ ಹತ್ರ ಯಾರ್ಯಾರು ಬಂದ್ರು ಅಂತ ಗೊತ್ತಾಗುತ್ತೆ. ನೋಡ್ಲಾ?"

"ನೋಡವ್ವ. ನಂಗೂ ಆ ಕಳ್ಳ ಯಾರು ಅಂತ ಗೊತ್ತಾಗ್ಲಿ."

ಸಿಂಚನ ಸ್ಕ್ರೀನ್ ಮುಟ್ಟಿದಳು. ಬೆಳಗ್ಗೆ ಐದು ಮುಕ್ಕಾಲು. ಒಂದು ಮುಖ ಇಡೀ ಪರದೆ ತುಂಬಿತು. ಒದ್ದೆ ಕೂದಲು, ಕೈಯಲ್ಲಿ ಅಜ್ಜಿಯ ಕುಂಕುಮದ ಭರಣಿ...

ಮುನೀಂದ್ರ!

ಅವನು ಹಿಂದೆ ತಿರುಗಿ ನೋಡಿದ. ಬೆರಳನ್ನು ಕುಂಕುಮದಲ್ಲಿ ಅದ್ದಿ, ಲಾಕಿಗೆ ಮೆಲ್ಲಗೆ ಹಚ್ಚಿದ. ಆಮೇಲೆ ಆ ಲಾಕಿಗೆ ಕೈಮುಗಿದ! ಪಿಸುಮಾತು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿತು.

"ತಪ್ಪಾಯ್ತು ಕಣಪ್ಪಾ... ಏನ್ ಮಾಡ್ಲಿ? ಏನಂತ ಹೇಳಿ ಅವರನ್ನ ಕರೀಲಿ? ಬಾಯೇ ಬರಲ್ಲ ನಂಗೆ. ಅವರು ಬಂದು ಒಂದು ಗಂಟೆ ಇದ್ದು ಹೋದ್ರೆ ನಂಗೆ ಒಂದು ವಾರ ಸಾಕು. ಇದೊಂದ್ಸಲ ಕೆಟ್ಟೋಗು..."

ಸಿಂಚನ ವಿಡಿಯೋ ನಿಲ್ಲಿಸಿದಳು.

"ಎಲಾ ಇವ್ನಾ!" ಅಜ್ಜಿ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಒಂದು ತಿಂಗಳಿಂದ ನನ್ ತಲೆ ಮೇಲೆ ಹಾಕ್ತಿದ್ನಲ್ಲಾ ಕಳ್ ನನ್ ಮಗ!"

ಸಿಂಚನ ಪರದೆ ಮೇಲಿನ ಆ ಮುಖವನ್ನೇ ನೋಡಿದಳು. ಸೇಡಲ್ಲ... ದ್ವೇಷ ಅಲ್ಲ... ಪ್ರೀತಿ! ಒಂದು ಕ್ಷಣ ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಮರುಕ್ಷಣವೇ ನಾಳೆ ನೆನಪಾಯಿತು. ನರೇಶ್ ಸರ್, ಅಪ್ಪ, ಅಟ್ಟ ಸೇರುವ ಡ್ರಿಲ್ ಮಿಷನ್ನು... ಸಿಟ್ಟು ನೆತ್ತಿಗೇರಿತು.

ಅಷ್ಟರಲ್ಲಿ ಅಂಗಳದಲ್ಲಿ ಬೈಕ್ ನಿಂತಿತು.

"ಬಂದ್ರಾ ಸಿಂಚನಾ? ಸಾರಿ, ಇವತ್ತೂ ಹಾಳಾದ ಲಾಕು..." ಮುನೀಂದ್ರನ ಮುಖವೆಲ್ಲ ನಗು.

"ಸಾಕು ನಿಲ್ಸಿ!"

ಅವನ ನಗು ಅಲ್ಲೇ ಸತ್ತುಹೋಯಿತು.

"ನೋಡ್ದೆ ರೀ, ಸ್ಕ್ರೀನಲ್ಲಿ ಎಲ್ಲಾ ನೋಡ್ದೆ. ಕುಂಕುಮ ಹಚ್ಚಿದ್ದು, ಕೈಮುಗಿದಿದ್ದು, ಎಲ್ಲಾ!"

"ಅದು... ಬೆಲ್ ಒತ್ತಿದ್ರೆ ಮಾತ್ರ ರೆಕಾರ್ಡ್ ಆಗುತ್ತೆ ಅಂದ್ಕೊಂಡಿದ್ದೆ..."

"ಆರು ಕಂಪ್ಲೇಂಟು ಮುನೀಂದ್ರ ಅವರೇ! ಆರೂ ನನ್ನ ಹೆಸರಲ್ಲಿ! ಅದ್ರಲ್ಲಿ ನಾಲ್ಕು ನೀವೇ ಕೆಡಿಸಿ ಹಾಕಿದ್ದು! ನಾಳೆ ನನ್ನ ಕೆಲಸ ಹೋಗುತ್ತೆ, ಡ್ರಿಲ್ ಮಿಷನ್ ಅಟ್ಟ ಸೇರ್ಲಿ ಅಂತಾರೆ ಅಪ್ಪ, ಗೊತ್ತಾ ನಿಮಗೆ?"

ಮುನೀಂದ್ರನ ಮುಖ ಬಿಳಿಚಿಕೊಂಡಿತು.

"ನಿಮ್ಮ ಹೆಸರಲ್ಲಾ?! ಅಯ್ಯೋ... ನಮ್ಮ ಗಾರ್ಮೆಂಟ್ಸಲ್ಲಿ ಮಿಷನ್ ಕೆಟ್ರೆ ಮಿಷನ್ ನಂಬರ್ ಮೇಲೆ ಬರೀತಾರೆ ರೀ. ಮೆಕ್ಯಾನಿಕ್ ಮೇಲಲ್ಲ. ಲಾಕಿನ ಮೇಲೆ ಹಾಕ್ತಿದೀನಿ ಅಂದ್ಕೊಂಡೆ... ನಿಮ್ಮ ಮೇಲೆ ಬೀಳುತ್ತೆ ಅಂತ ನನ್ನಾಣೆಗೂ ಗೊತ್ತಿರ್ಲಿಲ್ಲ!"

"ಒಂದು ಮಾತು ನೇರವಾಗಿ ಕೇಳಿದ್ರೆ ಬರ್ತಿರ್ಲಿಲ್ವಾ ನಾನು? ನಿಮಗೆ ಧೈರ್ಯ ಇಲ್ಲ ಅಂತ ನನ್ನ ಕೆಲಸದ ಜೊತೆ ಆಟ ಆಡಿದ್ರಿ!"

ಅವಳು ಅಳುತ್ತಲೇ ಹೊರಟುಹೋದಳು.

*

ಮರುದಿನ ಬೆಳಗ್ಗೆ ಆಫೀಸಿನಲ್ಲಿ ಹನ್ನೊಂದು ಜನವೂ ಸೇರಿದ್ದರು. ನರೇಶ್ ಸಿಂಚನಳ ಫೈಲ್ ತೆರೆದು ಪೆನ್ನು ತೆಗೆದುಕೊಂಡಿದ್ದರು.

ಬಾಗಿಲಲ್ಲಿ ಮುನೀಂದ್ರ! ಪಕ್ಕದಲ್ಲಿ ಅಮ್ಮಯಮ್ಮ, ಕೈಯಲ್ಲಿ ಅದೇ ಕುಂಕುಮದ ಭರಣಿ!

"ಸರ್, ಮಧುರೆ ಮನೆ ಕಂಪ್ಲೇಂಟ್ ಹಾಕಿದ್ದು ನಾನೇ," ಅಂದ ಮುನೀಂದ್ರ. "ಮೊದಲೆರಡು ಸಲ ಅಜ್ಜಿ ತಿಳೀದೆ ಕುಂಕುಮ ಇಟ್ರು. ಆಮೇಲಿನ ನಾಲ್ಕೂ ನಾನು ಬೇಕಂತಲೇ ಕೆಡಿಸಿದ್ದು. ಇವರ ಕೆಲಸದಲ್ಲಿ ಒಂದು ಸ್ಕ್ರೂನಷ್ಟೂ ತಪ್ಪಿಲ್ಲ. ಬರೆದು ಸೈನ್ ಹಾಕಿ ತಂದಿದೀನಿ."

"ಬೇಕಂತಲೇ ಕೆಡಿಸಿದ್ರಾ?! ಯಾಕ್ರೀ?!"

ಮುನೀಂದ್ರ ತಲೆ ತಗ್ಗಿಸಿದ. "ಇವರು ಬರ್ಲಿ ಅಂತ ಸರ್."

ನರೇಶ್ ಕೈಯಿಂದ ಪೆನ್ನು ಜಾರಿತು. ಹತ್ತು ಜನ ಟೆಕ್ನಿಷಿಯನ್ಸ್ ಬಾಯಿ ಬಿಟ್ಟುಕೊಂಡು ನಿಂತರು. ಸಿಂಚನ ನಾಚಿಕೆಗೋ ಸಿಟ್ಟಿಗೋ ಕೆಂಪುಕೆಂಪಾದಳು.

"ಬೀಗ ನೆಟ್ಟಗೈತೆ ಸಾಮಿ," ಅಂದರು ಅಜ್ಜಿ. "ರಿಪೇರಿ ಆಗ್ಬೇಕಾಗಿರೋದು ನನ್ನ ಮೊಮ್ಮಗ."

ನರೇಶ್ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಆರೂ ಕಂಪ್ಲೇಂಟ್ ಹೊಡೆದುಹಾಕಿ, ಸಿಂಚನಳ ಕಾಯಂ ಲೆಟರಿಗೆ ಸೈನ್ ಮಾಡಿದರು.

ಹೊರಗೆ ಬೈಕಿನ ಹತ್ತಿರ ಸಿಂಚನ ಅವನಿಗೆ ಹೇಳಿದ್ದು ಒಂದೇ ಮಾತು. "ಇನ್ಮೇಲೆ ಕಂಪ್ಲೇಂಟ್ ಹಾಕ್ಬೇಡಿ."

"ಹಾಕಲ್ಲ," ಅಂದ ಅವನು. ಮುಖ ಎತ್ತಲಿಲ್ಲ.

ಹೇಳಿದಂತೆಯೇ ನಡೆದುಕೊಂಡ. ಒಂದು ಶುಕ್ರವಾರ ಹೋಯಿತು. ಎರಡು... ಮೂರು... ಸಿಂಚನ ಪ್ರತಿ ಶುಕ್ರವಾರ ಕೆಲಸದ ಲಿಸ್ಟನ್ನು ಮೇಲಿಂದ ಕೆಳಗೆ ಹುಡುಕುತ್ತಿದ್ದಳು. ಮಧುರೆ ಇಲ್ಲ! ಹಾಕಬೇಡಿ ಅಂದವಳು ತಾನೇ. ಹಾಕಿಲ್ಲವಲ್ಲ ಅಂತ ಅಳು ಬರುವುದೂ ತನಗೇ. ಏನು ಹುಡುಗೀನೋ!

ನಾಲ್ಕನೇ ಶುಕ್ರವಾರ ಅವಳ ಸ್ಕೂಟಿ ತಾನಾಗಿ ಮಧುರೆ ಕಡೆ ತಿರುಗಿತು.

ದೀಪ ಹಚ್ಚುವ ಹೊತ್ತು. ಬಾಗಿಲ ಮುಂದೆ ನಿಂತು ಬೆಲ್ ಒತ್ತಲು ಕೈಯೆತ್ತಿದಳು.

"ನಾನು ಕಂಪ್ಲೇಂಟ್ ಹಾಕಿಲ್ವಲ್ಲಾ..."

ಹಿಂದೆ ಮುನೀಂದ್ರ! ಓವರ್‌ಟೈಮ್ ಮುಗಿಸಿ ಬಂದಿದ್ದ. ಅವತ್ತಿನಂತೆಯೇ ನೀಲಿ ಯೂನಿಫಾರ್ಮು, ಕೈಯಲ್ಲಿ ಟಿಫನ್ ಡಬ್ಬಿ.

"ಹಾಕಿಲ್ಲ ಅಂತಲೇ ಬಂದೆ," ಅಂದಳು ಸಿಂಚನ. ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು.

ಅವನು ಡಬ್ಬಿಯನ್ನು ಜಗಲಿ ಮೇಲಿಟ್ಟ. "ಬೆಲ್ ಬೇಡ. ಬೆರಳಿಡಿ."

"ನನ್ನ ಬೆರಳು ರಿಜಿಸ್ಟರ್ ಆಗಿಲ್ಲ ರೀ."

"ಇಟ್ಟು ನೋಡಿ."

ಸಿಂಚನ ಹೆಬ್ಬೆರಳಿಟ್ಟಳು. ಹಸಿರು ದೀಪ ಹತ್ತಿತು. ಬಾಗಿಲು ತೆಗೆದುಕೊಂಡಿತು.

ಅವಳು ಬೆರಳನ್ನು ಹಿಂದಕ್ಕೆಳೆದುಕೊಂಡಳು! ಮೊದಲ ದಿನ... ಟೆಸ್ಟಿಗೆ ಅಂತ ಕೊಟ್ಟ ಬೆರಳು... ಗಡಿಬಿಡಿಯಲ್ಲಿ ಅಳಿಸೋದನ್ನೇ ಮರೆತಿದ್ದಳಾ?! ಗಿರಾಕಿ ಮನೆ ಬಾಗಿಲಿಗೆ ತನ್ನ ಬೆರಳು ಬಿಟ್ಟು ಬರುವುದೆಂದರೆ ಯಾವ ಮ್ಯಾನೇಜರ್ ತಾನೇ ಕ್ಷಮಿಸುತ್ತಾರೆ? ಅವತ್ತೇ ಮನೆಗೆ ಕಳಿಸುತ್ತಿದ್ದರು!

ಮುನೀಂದ್ರ ಫೋನಿನಲ್ಲಿ ಆ್ಯಪ್ ತೆಗೆದು ತೋರಿಸಿದ. ಮೂರು ಹೆಸರಿದ್ದವು. ಸಿಂಚನ, ಅಜ್ಜಿ, ಮುನೀಂದ್ರ.

"ನಿಮಗೆ... ಯಾವಾಗಿಂದ ಗೊತ್ತು?"

"ಅವತ್ತು ಸಂಜೆಯಿಂದಲೇ."

"ಅವತ್ತು ನನ್ನ ಮೇಲೆ ಅಷ್ಟು ಸಿಟ್ಟಿತ್ತು ನಿಮಗೆ! ಆಫೀಸಿಗೆ ಒಂದು ಮಾತು ಹೇಳಿದ್ರೆ ನನ್ನ ಕೆಲಸ ಅಲ್ಲಿಗೆ ಮುಗೀತಿತ್ತು..."

"ಗೊತ್ತಿತ್ತು. ಅದಕ್ಕೇ ಹೇಳ್ಲಿಲ್ಲ."

ಸಿಂಚನಳ ಕಣ್ಣು ತುಂಬಿ ಹರಿಯಿತು. ತನ್ನ ಕೆಲಸ ತೆಗೆಸಲು ಬಂದವನು ಅಂತ ಇವನನ್ನೇ ಅಂದುಕೊಂಡಿದ್ದಳಲ್ಲ! ಅದಕ್ಕೆ ಬೇಕಾದ್ದು ಮೊದಲ ದಿನದಿಂದಲೂ ಇವನ ಜೇಬಿನಲ್ಲೇ ಇತ್ತು.

"ಹಾಗಾದ್ರೆ ನೀವೇ ಅಳಿಸ್ಬಹುದಿತ್ತಲ್ಲಾ?"

"ದಿನಾ ಅಂದ್ಕೋತಿದ್ದೆ. ಕೈ ಬರ್ಲಿಲ್ಲ." ಅವನು ಒಂದು ಹೆಜ್ಜೆ ಮುಂದೆ ಬಂದ. "ಸಿಂಚನಾ, ಈ ಸಲ ನೇರವಾಗಿ ಕೇಳ್ತೀನಿ. ನೀವಂದ್ರೆ ನಂಗೆ ತುಂಬಾ ಇಷ್ಟ. ನಿಮ್ಮ ಅಪ್ಪನ ಹತ್ರ ಬಂದು ಮಾತಾಡ್ಲಾ? ಡ್ರಿಲ್ ಮಿಷನ್ ಅಟ್ಟಕ್ಕೆ ಹೋಗಲ್ಲ, ಮಾತು ಕೊಡ್ತೀನಿ."

ಒಳಗೆ ದೇವರ ಮುಂದೆ ದೀಪ ಹಚ್ಚುತ್ತಿದ್ದ ಅಮ್ಮಯಮ್ಮ ಕೂಗಿದರು. "ಬಾಗಿಲಲ್ಲೇ ಯಾಕ್ ನಿಂತ್ಕೊಂಡ್ರಿ? ದೀಪ ಹಚ್ಚೋ ಹೊತ್ತಲ್ಲಿ ಒಳಗೆ ಬನ್ರಪ್ಪಾ!"

ಸಿಂಚನ ಕಣ್ಣೊರೆಸಿಕೊಂಡು, ಅವನ ಕೈಯಿಂದ ಫೋನ್ ತೆಗೆದುಕೊಂಡಳು.

"ರೂಲ್ಸ್ ಪ್ರಕಾರ ನಾನು ಇದನ್ನ ಈಗಲೇ ಅಳಿಸ್ಬೇಕು, ಗೊತ್ತಾ?"

"ಅಳಿಸಿದ್ರೆ ಕಂಪ್ಲೇಂಟ್ ಹಾಕ್ತೀನಿ!"

"ಬೇಡಪ್ಪಾ ಬೇಡ!" ಅವಳು ಅಳುತ್ತಲೇ ನಕ್ಕು ಫೋನನ್ನು ಅವನ ಜೇಬಿಗೆ ಹಾಕಿದಳು. "ಟೆಕ್ನಿಷಿಯನ್ ಬೆರಳು ಇಲ್ಲಿ ಇರೋ ಹಾಗಿಲ್ಲ. ಮನೆಯವರ ಬೆರಳಾದ್ರೆ ಇರ್ಬಹುದು. ಭಾನುವಾರ ಅಪ್ಪ ಮನೇಲಿರ್ತಾರೆ... ಬನ್ನಿ."